ಹುತ್ತದ ತೇವ, ಗಾಜಿನ ಪೆಟ್ಟಿಗೆಯ ಹಾವು

ಬೇಲಿಯ ಸಂದಿಯಲ್ಲೋ ಕಲ್ಲುಗುಡ್ಡೆಯ ನಡುವೆಯೋ ಹಾವಿನ ಪೊರೆ ಸಿಕ್ಕಿದರೆ ಹಳ್ಳಿಯ ಹುಡುಗರು ಅದನ್ನು ಕಡ್ಡಿಯ ತುದಿಗೆ ಸಿಕ್ಕಿಸಿಕೊಂಡು ಓಣಿಯಲ್ಲೆಲ್ಲ ಮೆರವಣಿಗೆ ಮಾಡುವುದುಂಟು. ಹಿರಿಯರು ಗದರಿಸಿ ಎಸೆಯಲು ಹೇಳುತ್ತಾರೆ. ಎಸೆಯುವ ಮುನ್ನ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಕಣ್ಣಿದ್ದ ಜಾಗದಲ್ಲಿ ಎರಡು ಪುಟ್ಟ ಪಾರದರ್ಶಕ ಬಟ್ಟಲುಗಳು ಕಾಣುತ್ತವೆ. ಹೊಟ್ಟೆಯ ಅಗಲವಾದ ಹುರುಪೆಗಳು ಏಣಿಯ ಮೆಟ್ಟಿಲುಗಳಂತೆ ಸಾಲಾಗಿರುತ್ತವೆ. ಬಾಲದ ತುದಿ ಸೂಜಿಯ ಮೊನೆಯಂತೆ ಪೂರ್ತಿಯಾಗಿರುತ್ತದೆ. ಒಳಗು ಹೊರಗಾಗಿ, ಕಾಲುಚೀಲ ಕಳಚಿದ ಹಾಗೆ, ಒಂದೇ ತುಂಡಾಗಿ ಬಂದ ಪೊರೆ ಅದು.

ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಹಾವನ್ನು ಮನೆಯೊಳಗೆ ಸಾಕುವವರಿಗೆ ಈ ಪೊರೆಯೇ ಪ್ರಗತಿಪತ್ರ. ಒಂದೇ ತುಂಡಾಗಿ ಬಂದರೆ ಪಾಸು. ಚೂರುಚೂರಾಗಿ ಬಂದು, ಕಣ್ಣಿನ ಬಟ್ಟಲು ಕಾಣೆಯಾಗಿ, ಬಾಲದ ತುದಿಯಲ್ಲಿ ಹಳೆಯ ಚರ್ಮ ಉಂಗುರದಂತೆ ಉಳಿದುಬಿಟ್ಟರೆ, ಹೆಚ್ಚಿನ ಸಂದರ್ಭಗಳಲ್ಲಿ ಪೆಟ್ಟಿಗೆಯ ಗಾಳಿ ಒಣಗಿತ್ತು ಎಂದರ್ಥ. ಆಗ ಸಾಕುವವರು ಗಾಬರಿಯಿಂದ ನೀರು ಸಿಂಪಡಿಸುವ ಬಾಟಲಿ ತಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪೆಟ್ಟಿಗೆಯನ್ನೆಲ್ಲ ನೆನೆಸತೊಡಗುತ್ತಾರೆ. ಗಾಜಿನ ಮೇಲೆ ಹನಿ ಇಳಿಯುತ್ತದೆ, ಮಾಪಕದ ಅಂಕಿ 90 ದಾಟುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಕೆಲವು ವಾರ ಕಳೆದ ಮೇಲೆ ಹಾವಿನ ಹೊಟ್ಟೆಯಡಿ ಕೆಂಪು ಕಲೆಗಳು, ನೀರುಗುಳ್ಳೆಗಳು. ಒಣಗಿಸಿದ್ದೂ ತಪ್ಪು, ನೆನೆಸಿದ್ದೂ ತಪ್ಪು! ಹಾಗಾದರೆ ಸರಿ ಯಾವುದು?

ಉತ್ತರ ತಿಳಿಯಬೇಕಾದರೆ ಆ ಹಾವಿನ ತವರಿಗೇ ಹೋಗಬೇಕು.

ಚೆಂಡಾಗುವ ಹೆಬ್ಬಾವು

ಪಶ್ಚಿಮ ದೇಶಗಳ ಮನೆಗಳಲ್ಲಿ ಅತಿ ಹೆಚ್ಚು ಕಾಣುವ ಹಾವುಗಳಲ್ಲಿ ಆಫ್ರಿಕದ ಬಾಲ್ ಪೈಥಾನ್ ಒಂದು. ಬ್ರಿಟನ್ನಿನವರು ಇದನ್ನೇ ರಾಯಲ್ ಪೈಥಾನ್ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಪೈಥಾನ್ ರೀಜಿಯಸ್. 1802ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟ. ನಮ್ಮ ಹೆಬ್ಬಾವಿನ ಹತ್ತಿರದ ನೆಂಟನಾದರೂ ಗಾತ್ರದಲ್ಲಿ ಚಿಕ್ಕದು. ಒಂದೂವರೆ ಮೀಟರ್ ದಾಟುವುದು ಅಪರೂಪ. ವಿಷವಿಲ್ಲ. ಹೆದರಿದಾಗ ಕಚ್ಚುವುದಕ್ಕಿಂತ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದೇ ಇದರ ಸ್ವಭಾವ. ಹೆಸರು ಬಂದದ್ದು ಹಾಗೆ.

ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಉಗಾಂಡದವರೆಗೆ, ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಹಬ್ಬಿರುವ ಹುಲ್ಲುಗಾವಲು ಮತ್ತು ಕುರುಚಲು ಕಾಡುಗಳು ಇದರ ನೆಲೆ. ಬೆನಿನ್ ದೇಶದ ವಿಡಾ ಎಂಬ ಪಟ್ಟಣದಲ್ಲಿ ಈ ಹಾವುಗಳದೇ ಒಂದು ಗುಡಿಯಿದೆ. ಅಲ್ಲಿ ಹತ್ತಾರು ಹೆಬ್ಬಾವುಗಳು ಒಟ್ಟಿಗೆ ವಾಸಿಸುತ್ತವೆ. ದಾರಿ ತಪ್ಪಿ ಯಾರ ಮನೆಗೆ ಹೊಕ್ಕರೂ ಜನ ಹೊಡೆಯದೆ ಗುಡಿಗೆ ಮುಟ್ಟಿಸುತ್ತಾರೆ. ನಾಗರಕಲ್ಲಿಗೆ ಕೈಮುಗಿಯುವ ನಾಡಿನವರಿಗೆ ಇದು ಅಚ್ಚರಿಯೆನಿಸದು. ಇನ್ನೊಂದು ಕಡೆ ಅದೇ ಬೆನಿನ್, ಟೋಗೊ, ಘಾನಾ ದೇಶಗಳಿಂದಲೇ ಲಕ್ಷಾಂತರ ಬಾಲ್ ಪೈಥಾನ್ ಮರಿಗಳು ವಿದೇಶಗಳಿಗೆ ಮಾರಾಟವಾಗಿ ಹೋಗಿವೆ. ಬಸಿರಾದ ಹೆಣ್ಣುಗಳನ್ನು ಬಿಲಗಳಿಂದ ಅಗೆದು ತಂದು, ಮೊಟ್ಟೆ ಇಡಿಸಿ, ಮರಿಗಳನ್ನು ವಿಮಾನಕ್ಕೆ ಏರಿಸುವುದು ಅಲ್ಲಿ ದೊಡ್ಡ ಕಸುಬು.

ಈ ಹಾವಿನ ಆಯುಸ್ಸನ್ನೂ ಇಲ್ಲೇ ಹೇಳಿಬಿಡಬೇಕು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದಿದ್ದ ಒಂದು ಹೆಣ್ಣು 2020ರ ಜುಲೈನಲ್ಲಿ, ತನಗೆ ಅರವತ್ತು ದಾಟಿದ ಮೇಲೆ, ಏಳು ಮೊಟ್ಟೆಗಳನ್ನಿಟ್ಟು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಎಲ್ಲ ಹಾವುಗಳೂ ಅಷ್ಟು ಬದುಕುವುದಿಲ್ಲ. ಆದರೂ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಸಾಮಾನ್ಯ. ಎಂಟನೆಯ ತರಗತಿಯ ಹುಡುಗ ಹಟ ಹಿಡಿದು ಕೊಡಿಸಿಕೊಂಡ ಹಾವು ಅವನ ಮದುವೆಯ ಊಟದ ಹೊತ್ತಿಗೂ ಪೆಟ್ಟಿಗೆಯಲ್ಲಿರುತ್ತದೆ. ಅಷ್ಟು ವರ್ಷವೂ ಅದರ ಚರ್ಮದ, ಶ್ವಾಸಕೋಶದ ಆರೋಗ್ಯ ಯಾರೋ ಒಬ್ಬರು ಹೊಂದಿಸುವ ತೇವದ ಮೇಲೆ ನಿಂತಿರುತ್ತದೆ.

ಪೊರೆ ಕಳಚುವ ಬಗೆ

ನಮ್ಮ ಚರ್ಮವೂ ಸದಾ ಕಳಚುತ್ತಲೇ ಇರುತ್ತದೆ, ಕಣ್ಣಿಗೆ ಕಾಣದ ಪುಡಿಯಾಗಿ. ಹಾವು ಆ ಕೆಲಸವನ್ನು ಕಂತಿನಲ್ಲಿ ಮಾಡುತ್ತದೆ. ಹಳೆಯ ಹೊರಪದರದ ಕೆಳಗೆ ಹೊಸ ಪದರ ಪೂರ್ತಿಯಾಗಿ ಸಿದ್ಧವಾದ ಮೇಲೆ ಎರಡರ ನಡುವೆ ತೆಳುವಾಗಿ ದ್ರವ ತುಂಬಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಹಾವಿನ ಬಣ್ಣ ಮಂಕಾಗಿ, ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಕನ್ನಡಕದ ಗಾಜಿನಂತೆ ಒಂದು ಪಾರದರ್ಶಕ ಹುರುಪೆಯಿದೆ. ಅದೂ ಪೊರೆಯ ಜೊತೆಗೇ ಹೋಗಬೇಕು. ಕಣ್ಣು ಮಂಜಾಗಿರುವಾಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಸಿಡುಕು ಹೆಚ್ಚು, ಆಹಾರವನ್ನೂ ಬೇಡವೆನ್ನುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಕೆಲವೇ ದಿನಕ್ಕೆ ಹಾವು ಮೂತಿಯನ್ನು ಒರಟಾದ ಕಲ್ಲಿಗೋ ಮರಕ್ಕೋ ಉಜ್ಜಿ ತುಟಿಯ ಬಳಿ ಪೊರೆ ಬಿಡಿಸಿಕೊಂಡು, ಮುಂದಕ್ಕೆ ತೆವಳುತ್ತ ಹೊರಬರುತ್ತದೆ.

ಗಾಳಿ ತೀರ ಒಣಗಿದ್ದರೆ ಹೊರಪದರ ಬಿರುಸಾಗುತ್ತದೆ, ಎರಡು ಪದರಗಳು ಅಂಟಿಕೊಳ್ಳುತ್ತವೆ. ಒಣಗಿದ ಅಂಟು ಲಕೋಟೆಯನ್ನು ಬಿಡಿಸಲು ಹೋದರೆ ಕಾಗದ ಹರಿಯುವುದಿಲ್ಲವೆ, ಹಾಗೆ. ಬಾಲದ ತುದಿಯಲ್ಲಿ ಉಳಿದ ಉಂಗುರ ಮುಂದಿನ ಸಲ ಇನ್ನೊಂದು ಸುತ್ತು ಸೇರಿ ಬಿಗಿಯಾಗಿ, ರಕ್ತ ಸಂಚಾರ ನಿಂತು ತುದಿ ಕಪ್ಪಾಗಿ ಉದುರಿಹೋದ ಉದಾಹರಣೆಗಳಿವೆ. ಕಣ್ಣಿನ ಮೇಲೆ ಉಳಿದ ಬಟ್ಟಲನ್ನು ಇಕ್ಕಳದಿಂದ ಕೀಳಹೋದರೆ ಕಣ್ಣೇ ಹೋಗಬಹುದು. ಎಲ್ಲ ಕೆಟ್ಟ ಪೊರೆಗೂ ಒಣಗಾಳಿಯೇ ಕಾರಣವಲ್ಲ ಎಂಬುದನ್ನೂ ನೆನಪಿಡಬೇಕು. ಮೈಮೇಲೆ ಉಣ್ಣೆಯಂಥ ಸಣ್ಣ ಹುಳುಗಳಿದ್ದರೆ, ಹಾವು ಬಡಕಲಾಗಿದ್ದರೆ, ಉಜ್ಜಿಕೊಳ್ಳಲು ಒರಟು ವಸ್ತು ಇಲ್ಲದಿದ್ದರೆ ಆಗಲೂ ಪೊರೆ ಹರಿಯುತ್ತದೆ.

ಚಳಿಗಾಲದ ಲೆಕ್ಕ

ಆಫ್ರಿಕದಲ್ಲಿ ಬಾರದ ತೊಂದರೆ ಶಿಕಾಗೋದ ಮನೆಯಲ್ಲಿ ಏಕೆ ಬರುತ್ತದೆ? ಇದಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರ ಸಾಕು.

ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿಯುತ್ತದೆ. 20 ಡಿಗ್ರಿಯಲ್ಲಿ 17 ಗ್ರಾಂ, 25 ಡಿಗ್ರಿಯಲ್ಲಿ 23 ಗ್ರಾಂ, 32 ಡಿಗ್ರಿಯಲ್ಲಿ ಸುಮಾರು 34 ಗ್ರಾಂ. ಹಿಡಿಯಬಲ್ಲುದರಲ್ಲಿ ಶೇಕಡಾ ಎಷ್ಟು ಭಾಗ ನಿಜವಾಗಿ ತುಂಬಿದೆಯೋ ಅದೇ ಸಾಪೇಕ್ಷ ಆರ್ದ್ರತೆ. ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿ, ಆರ್ದ್ರತೆ ಶೇಕಡಾ 80 ಎಂದಿಟ್ಟುಕೊಳ್ಳಿ. ಅಂದರೆ ಘನ ಮೀಟರಿಗೆ 4 ಗ್ರಾಂ. ಆ ಗಾಳಿ ಮನೆಯೊಳಗೆ ಬಂದು 22 ಡಿಗ್ರಿಗೆ ಬಿಸಿಯಾದರೆ ಅದೇ 4 ಗ್ರಾಂ ಈಗ ಕೇವಲ ಶೇಕಡಾ 20. ಹಾವಿನ ಪೆಟ್ಟಿಗೆಯ ದೀಪದಡಿ 32 ಡಿಗ್ರಿಗೆ ಏರಿದರೆ ಶೇಕಡಾ 12! ಅಡುಗೆ, ಸ್ನಾನ, ಮನೆಮಂದಿಯ ಉಸಿರು ಸೇರಿ ಈ ಅಂಕಿ ಸ್ವಲ್ಪ ಮೇಲೇರುತ್ತದೆ ಎನ್ನಿ. ಆದರೂ ಬಾಲ್ ಪೈಥಾನಿಗೆ ಸಾಮಾನ್ಯವಾಗಿ ಬೇಕೆನ್ನುವ 60ರಿಂದ 80ರ ಹತ್ತಿರಕ್ಕೂ ಬರುವುದಿಲ್ಲ. ಒಂದು ತೊಟ್ಟು ನೀರನ್ನೂ ಯಾರೂ ಕದಿಯಲಿಲ್ಲ. ಬಿಸಿ ಮಾಡಿದ್ದರಿಂದಲೇ ಗಾಳಿ ಒಣಗಿತು.

ಇದೇ ಲೆಕ್ಕವನ್ನು ಪೆಟ್ಟಿಗೆಯ ಒಳಗೇ ಮಾಡಿದರೆ ಇನ್ನೂ ಸ್ವಾರಸ್ಯ. ಹಾವು ತಣ್ಣನೆಯ ರಕ್ತದ ಪ್ರಾಣಿಯಾದ್ದರಿಂದ ಪೆಟ್ಟಿಗೆಯ ಒಂದು ತುದಿಯನ್ನು 32 ಡಿಗ್ರಿಯ ಆಸುಪಾಸು, ಇನ್ನೊಂದನ್ನು 25ರ ಆಸುಪಾಸು ಇಡುತ್ತಾರೆ. ಒಳಗಿನ ಗಾಳಿಯಲ್ಲೆಲ್ಲ ನೀರಾವಿ ಸಮವಾಗಿ ಹರಡಿದೆ ಎಂದುಕೊಳ್ಳೋಣ. ತಂಪಿನ ತುದಿಯಲ್ಲಿ ಮಾಪಕ 80 ತೋರಿಸುವಾಗ ಬಿಸಿಯ ತುದಿಯಲ್ಲಿ ಅದು 54 ಮಾತ್ರ ತೋರಿಸುತ್ತದೆ. ಎರಡೂ ನಿಜ. “ನನ್ನ ಪೆಟ್ಟಿಗೆಯ ಆರ್ದ್ರತೆ 70” ಎಂದು ಸಾಕುವವರು ಹೇಳಿದರೆ ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು. ರಾತ್ರಿ ದೀಪ ಆರಿಸಿ ಪೆಟ್ಟಿಗೆ ತಣ್ಣಗಾದರೆ ಯಾರೂ ನೀರು ಹಾಕದಿದ್ದರೂ ಅಂಕಿ ಏರುತ್ತದೆ. 32 ಡಿಗ್ರಿಯಲ್ಲಿ ಶೇಕಡಾ 80 ಇದ್ದ ಗಾಳಿ ಸುಮಾರು 28 ಡಿಗ್ರಿಗಿಂತ ತಣ್ಣಗಿನ ಗಾಜನ್ನು ಮುಟ್ಟಿದರೆ ಸಾಕು, ಹನಿಗಟ್ಟಿ ಇಳಿಯುತ್ತದೆ. ಐಸ್ ಹಾಕಿದ ಲೋಟದ ಹೊರಗೆ ಬೆವರು ಮೂಡುವುದೂ ಇದೇ ಕಾರಣಕ್ಕೆ.

ಅತಿಯಾದರೆ

ಮಲೆನಾಡಿನ, ಕರಾವಳಿಯ ಮನೆಗಳವರಿಗೆ ಅತಿ ತೇವದ ಪಾಠ ಹೇಳಬೇಕಾಗಿಲ್ಲ. ಆಷಾಢದಲ್ಲಿ ಬಟ್ಟೆ ಒಣಗದು, ಹಪ್ಪಳ ಮೆತ್ತಗಾಗುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತವರ ಕಾಲ್ಬೆರಳ ಸಂದಿ ಬೆಳ್ಳಗೆ ಕೊಳೆಯುತ್ತದೆ. ಹಾವಿನ ಹೊಟ್ಟೆ ಅದರ ಪಾದವೂ ಹೌದು. ಒದ್ದೆ ಹಾಸಿನ ಮೇಲೆ ಹಗಲೂ ರಾತ್ರಿ ಬಿದ್ದುಕೊಂಡರೆ ಹುರುಪೆಗಳ ಸಂದಿಯಲ್ಲಿ ಚರ್ಮ ಮೆದುವಾಗಿ ಬ್ಯಾಕ್ಟೀರಿಯಾಗಳಿಗೆ ದಾರಿಯಾಗುತ್ತದೆ. ಮೊದಲು ಕೆಂಪು, ಆಮೇಲೆ ನೀರುಗುಳ್ಳೆ, ಅದು ಒಡೆದು ಹುಣ್ಣು. ಸಾಕುವವರು ಇದನ್ನು ಹುರುಪೆ ಕೊಳೆಯುವ ರೋಗವೆನ್ನುತ್ತಾರೆ. ಸೋಂಕು ರಕ್ತಕ್ಕೆ ಇಳಿದರೆ ಹಾವು ಉಳಿಯುವುದು ಕಷ್ಟ.

ಇನ್ನೊಂದು ಅಪಾಯ ಉಸಿರಾಟದ್ದು. ಬಹುಪಾಲು ಹಾವುಗಳಿಗೆ ಕೆಲಸ ಮಾಡುವ ಶ್ವಾಸಕೋಶ ಬಲಗಡೆಯದೊಂದೇ. ಹೆಬ್ಬಾವುಗಳಿಗೆ ಎಡಗಡೆಯದೂ ಇದೆ, ಕೊಂಚ ಚಿಕ್ಕದು. ಹಾವಿಗೆ ವಪೆಯಿಲ್ಲ. ಆದ್ದರಿಂದ ನಮ್ಮಂತೆ ಜೋರಾಗಿ ಕೆಮ್ಮಿ ಕಫವನ್ನು ಹೊರಗೆಸೆಯಲಾರದು. ನಿಂತ ಗಾಳಿ, ತಣ್ಣನೆಯ ಒದ್ದೆ, ಕೊಳಕು ಹಾಸು ಇವು ಮೂರೂ ಸೇರಿದರೆ ಶ್ವಾಸಕೋಶದ ಸೋಂಕಿಗೆ ಹದವಾದ ನೆಲ. ಬಾಯಿ ತೆರೆದು ಉಸಿರಾಡುವುದು, ತಲೆಯನ್ನು ಮೇಲೆತ್ತಿ ಹಿಡಿಯುವುದು, ಸೀಟಿಯಂಥ ಸದ್ದು, ಬಾಯಂಚಿನಲ್ಲಿ ನೊರೆ ಇವು ಲಕ್ಷಣಗಳು. ಇಂಥ ಹಾವಿಗೆ ಮನೆಮದ್ದು ಮಾಡುತ್ತ ಕೂರಬಾರದು, ಪಶುವೈದ್ಯರಿಗೇ ತೋರಿಸಬೇಕು. ಏಕೆಂದರೆ ಎಲ್ಲ ನೆಗಡಿಯೂ ತೇವದಿಂದಲೇ ಬಂದದ್ದಲ್ಲ. ಬಾಲ್ ಪೈಥಾನುಗಳ ಶ್ವಾಸಕೋಶಕ್ಕೆ ತಗಲುವ ನಿಡೊವೈರಸ್ ಎಂಬ ವೈರಸ್ಸುಗಳ ಗುಂಪನ್ನು ವಿಜ್ಞಾನಿಗಳು 2014ರಲ್ಲಿ ಗುರುತಿಸಿದರು. ಅಂಥ ವೈರಸ್ ತಗಲಿದ ಹಾವಿನ ಪೆಟ್ಟಿಗೆಯ ತೇವವನ್ನು ಎಷ್ಟು ಹೊಂದಿಸಿದರೂ ರೋಗ ಬಿಡುವುದಿಲ್ಲ.

ಆರ್ದ್ರತೆ 80 ಇದ್ದೂ ಹಾಸಿನ ಮೇಲ್ಮೈ ಒಣಗಿ, ಗಾಳಿ ಆಡುತ್ತಿದ್ದರೆ ಹಾವು ಸುಖವಾಗಿರುತ್ತದೆ. ಅದೇ 80 ಗಾಳಿಯಾಡದ, ಜೌಗು ಹಾಸಿನ ಪೆಟ್ಟಿಗೆಯಲ್ಲಿದ್ದರೆ ಕಾಯಿಲೆ. ಮಾಪಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ, ಬೆರಳಿಗೆ ಕಾಣುತ್ತದೆ. ಹಾಸನ್ನು ಒಂದು ಹಿಡಿ ತೆಗೆದು ಹಿಂಡಿದಾಗ ಮುದ್ದೆಯಾಗಿ ನಿಂತರೆ ಸರಿ, ನೀರು ತೊಟ್ಟಿಕ್ಕಿದರೆ ಅತಿಯಾಯಿತು.

ಹುತ್ತದೊಳಗಿನ ಹವೆ

ಈಗ ತವರಿನ ಮಾತು. ಬಾಲ್ ಪೈಥಾನ್ ಹುಲ್ಲುಗಾವಲಿನ ಹಾವು, ದಟ್ಟ ಮಳೆಕಾಡಿನದಲ್ಲ. ನವೆಂಬರ್, ಡಿಸೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಸಹಾರಾದ ಕಡೆಯಿಂದ ಹರ್ಮಟಾನ್ ಎಂಬ ದೂಳು ತುಂಬಿದ ಒಣಗಾಳಿ ಬೀಸುತ್ತದೆ. ಜನರ ತುಟಿ ಒಡೆಯುತ್ತದೆ, ಮರದ ಸಾಮಾನು ಬಿರುಕು ಬಿಡುತ್ತದೆ. ಹವಾಮಾನದ ಪಟ್ಟಿ ನೋಡಿ ಪೆಟ್ಟಿಗೆ ಸಿದ್ಧಪಡಿಸಿದವರು ಈ ಹಾವಿಗೆ ಒಣಹವೆಯೇ ಒಗ್ಗುತ್ತದೆ ಎಂದು ಒಂದು ಕಾಲಕ್ಕೆ ತೀರ್ಮಾನಿಸಿದ್ದರು. ಪೊರೆ ಹರಿದು ಬಂದಾಗ ತಲೆ ಕೆರೆದುಕೊಂಡರು.

ಅವರು ಮರೆತದ್ದು, ಆ ಪಟ್ಟಿಯ ಅಂಕಿಗಳು ನೆಲದಿಂದ ಮೇಲಿನ ಗಾಳಿಯವು. ಹಾವು ಹಗಲನ್ನು ಕಳೆಯುವುದು ನೆಲದ ಕೆಳಗೆ. ಇಲಿ ಜಾತಿಯ ಪ್ರಾಣಿಗಳು ತೋಡಿದ ಬಿಲಗಳು ಮತ್ತು ಗೆದ್ದಲಿನ ಹುತ್ತಗಳು ಇದರ ಮನೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತು ಎಂದು ನಮ್ಮಲ್ಲಿ ಆಡಿಕೊಳ್ಳುವುದುಂಟಲ್ಲ, ಆಫ್ರಿಕದಲ್ಲೂ ಕಥೆ ಅದೇ. ಗೆದ್ದಲಿನ ಚರ್ಮ ತೀರ ತೆಳು. ಒಣಗಾಳಿಯಲ್ಲಿ ಅದು ಹೆಚ್ಚು ಹೊತ್ತು ಬದುಕಲಾರದು. ಅದಕ್ಕಾಗಿಯೇ ಗೆದ್ದಲುಗಳು ಆಳದಿಂದ ಒದ್ದೆ ಮಣ್ಣು ತಂದು ಗೋಡೆ ಮೆತ್ತುತ್ತವೆ. ಅಣಬೆ ಬೆಳೆಸುವ ಗೆದ್ದಲುಗಳ ಗೂಡಿನ ಒಳಗೆ ಉಷ್ಣತೆ 30 ಡಿಗ್ರಿಯ ಹತ್ತಿರ, ಗಾಳಿ ಬಹುಮಟ್ಟಿಗೆ ತೇವದಿಂದ ತುಂಬಿರುತ್ತದೆ. ಹಾವು ಸೇರುವ ಹೊರಗಿನ ಪೊಳ್ಳು ಭಾಗಗಳಲ್ಲಿ ಅಷ್ಟಿಲ್ಲದಿದ್ದರೂ ಹೊರಗಿನ ಗಾಳಿಗೆ ಹೋಲಿಸಿದರೆ ಅದು ಬೇರೆಯದೇ ಲೋಕ. ರಾತ್ರಿ ಹಾವು ಒಣ ಹುಲ್ಲಿನ ಮೇಲೆ ಬೇಟೆಗೆ ಹರಿಯುತ್ತದೆ, ಹೊಟ್ಟೆ ಗಾಳಿಗೆ ಒಣಗುತ್ತದೆ. ಬೆಳಗಾಗುವ ಮುನ್ನ ಮತ್ತೆ ತೇವದ ಮನೆಗೆ. ಒಣಗುವುದೂ ನೆನೆಯುವುದೂ ಎರಡೂ ಅದರ ಕೈಯಲ್ಲೇ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಹಾವು ಕಳೆದುಕೊಂಡಿರುವುದು ತೇವವನ್ನಲ್ಲ, ಈ ಆಯ್ಕೆಯನ್ನು.

ಮೊಟ್ಟೆಯ ವಿಷಯದಲ್ಲೂ ಹೀಗೆಯೇ. ಒಣಗಾಲದ ಕೊನೆಯ ಹೊತ್ತಿಗೆ ಹೆಣ್ಣು ಬಿಲದೊಳಗೆ ಮೊಟ್ಟೆಯಿಟ್ಟು ಸುಮಾರು ಎರಡು ತಿಂಗಳು ಅವುಗಳನ್ನು ಸುತ್ತಿಕೊಂಡೇ ಇರುತ್ತದೆ. ಹಾವಿನ ಮೊಟ್ಟೆಯ ಚಿಪ್ಪು ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ, ಚರ್ಮದಂತೆ ಮೆದು. ಬೇಗ ನೀರು ಬಿಟ್ಟು ಸೊರಗುತ್ತದೆ. ನಮ್ಮ ನಾಡಿನ ಹೆಬ್ಬಾವು ಸ್ನಾಯುಗಳನ್ನು ಅದುರಿಸಿ ಮೊಟ್ಟೆಗಳಿಗೆ ಶಾಖವನ್ನೂ ಕೊಡಬಲ್ಲದು. ಬಾಲ್ ಪೈಥಾನಿಗೆ ಆ ವಿದ್ಯೆ ಇಲ್ಲ. ಅದು ಸುತ್ತಿಕೊಳ್ಳುವುದರ ಮುಖ್ಯ ಲಾಭ ಮೊಟ್ಟೆಗಳು ಒಣಗದಂತೆ ಕಾಯುವುದು. ಟೋಗೊದ ಹಾವುಗಳ ಮೇಲೆ ಪ್ರಯೋಗ ನಡೆಸಿದ ವಿಜ್ಞಾನಿಗಳು ತಾಯಿಯಿಂದ ಬೇರ್ಪಡಿಸಿದ ಮೊಟ್ಟೆಗಳು ಹೆಚ್ಚು ನೀರು ಕಳೆದುಕೊಂಡಿದ್ದನ್ನು ಕಂಡರು. ಆಗುಂಬೆಯ ಕಾಳಿಂಗ ಸರ್ಪ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುವುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ತಾಯಿಯ ಸುರುಳಿಯ ಕೆಲಸವನ್ನು ಎಲೆಗಳು ಮಾಡುತ್ತವೆ.

ಪೆಟ್ಟಿಗೆಯೊಳಗೊಂದು ಹುತ್ತ

ಅನುಭವಿ ಸಾಕಣೆಗಾರರು ಈಗ ಮಾಡುವುದು ಪೆಟ್ಟಿಗೆಯನ್ನೆಲ್ಲ ನೆನೆಸುವುದನ್ನಲ್ಲ, ಅದರೊಳಗೆ ಒಂದು ಹುತ್ತ ಕಟ್ಟುವುದನ್ನು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಪಕ್ಕಕ್ಕೆ ಹಾವು ನುಸುಳುವಷ್ಟು ತೂತು ಕೊರೆದು, ಅಂಚನ್ನು ನುಣುಪು ಮಾಡಿ, ಒಳಗೆ ನೆನೆಸಿ ಚೆನ್ನಾಗಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ತುಂಬುತ್ತಾರೆ. ಇದನ್ನು ಬಿಸಿಯ ಮತ್ತು ತಂಪಿನ ತುದಿಗಳ ನಡುವೆ ಇಡುತ್ತಾರೆ. ಜೊತೆಗೆ ಎರಡೂ ತುದಿಯಲ್ಲಿ ಒಂದೊಂದು ಒಣ ಗೂಡು. ಪೊರೆ ಬರುವ ಕಾಲಕ್ಕೆ ಹಾವು ತಾನಾಗಿ ತೇವದ ಡಬ್ಬಿ ಸೇರುತ್ತದೆ, ಪೊರೆ ಬಿಟ್ಟ ಮೇಲೆ ಒಣ ಗೂಡಿಗೆ ಮರಳುತ್ತದೆ. ಹಾವು ವಾರಗಟ್ಟಲೆ ತೇವದ ಡಬ್ಬಿ ಬಿಟ್ಟು ಕದಲದಿದ್ದರೆ ಉಳಿದ ಪೆಟ್ಟಿಗೆ ಒಣಗಿದೆ. ಅದರ ಕಡೆ ಸುಳಿಯದೆಯೇ ಇದ್ದರೆ ತೇವ ಸಾಕಾಗಿದೆ ಎಂದು ತಿಳಿಯಬಹುದು. ಮಾಪಕಕ್ಕಿಂತ ಹಾವಿನ ಓಡಾಟವೇ ಒಳ್ಳೆಯ ಮಾಪಕ.

ಹಾಸಿಗೆ ಬಳಸುವ ವಸ್ತುಗಳಲ್ಲಿ ಜನಪ್ರಿಯವಾದದ್ದೊಂದು ನಮ್ಮ ಕಡೆಯದೇ. ತೆಂಗಿನ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿಯನ್ನು ಒತ್ತಿ ಇಟ್ಟಿಗೆಗಳನ್ನಾಗಿ ಮಾಡಿ ದಕ್ಷಿಣ ಭಾರತ, ಶ್ರೀಲಂಕಾಗಳಿಂದ ಹಡಗಿಗೆ ಏರಿಸುತ್ತಾರೆ. ಒಂದು ಕಾಲಕ್ಕೆ ರಸ್ತೆಬದಿಯ ತಿಪ್ಪೆಯಾಗುತ್ತಿದ್ದ ಈ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರಿ, ನಿಧಾನವಾಗಿ ಬಿಡುತ್ತದೆ. ಬೇಗ ಬೂಷ್ಟು ಹಿಡಿಯುವುದಿಲ್ಲ. ನಾಲ್ಕು ಬೆರಳು ದಪ್ಪ ಹಾಸಿ, ಮೂಲೆಗಳಲ್ಲಿ ಮಾತ್ರ ನೀರು ಸುರಿದರೆ ಅದು ಅಡಿಯಲ್ಲಿ ಹರಡಿಕೊಳ್ಳುತ್ತದೆ; ಮೇಲ್ಪದರ ಒಣಗಿಯೇ ಇರುತ್ತದೆ. ಕೆಳಗಿನ ನೀರು ಮೆಲ್ಲನೆ ಆವಿಯಾಗಿ ಮೇಲೇರುತ್ತದೆ. ಗುಡುಗುಮಳೆಯಂತೆ ಸಿಂಪಡಿಸಿದರೆ ಆಗುವುದು ಇದಕ್ಕೆ ತದ್ವಿರುದ್ಧ. ಮೇಲ್ಮೈ ಒದ್ದೆ, ಅಡಿ ಒಣ. ಮಾಪಕ ಒಂದು ತಾಸು ಕುಣಿದು ಮತ್ತೆ ಕೆಳಗಿಳಿಯುತ್ತದೆ. ದೇವದಾರು ಜಾತಿಯ ಮರದ ಹೊಟ್ಟನ್ನು ಮಾತ್ರ ಹಾಕಬಾರದು. ಅದರ ಘಾಟು ಎಣ್ಣೆ ಹಾವಿಗೆ ವಿಷ.

ಮುಚ್ಚಳದ್ದು ಇನ್ನೊಂದು ಸಮಸ್ಯೆ. ಮೀನಿನ ತೊಟ್ಟಿಯಂಥ ಗಾಜಿನ ಪೆಟ್ಟಿಗೆಗೆ ತಂತಿಬಲೆಯ ಮುಚ್ಚಳ ಹಾಕಿ ಅದರ ಮೇಲೆ ದೀಪವಿಟ್ಟರೆ ಅದು ಹೊಗೆಕೊಳವೆಯೇ ಆಯಿತು. ಬಿಸಿ ಗಾಳಿ ತೇವವನ್ನು ಹೊತ್ತು ಮೇಲಕ್ಕೆ ಹೋಗುತ್ತದೆ. ಬಲೆಯ ಮುಕ್ಕಾಲು ಭಾಗವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚುವುದು ಸರಳ ಉಪಾಯ, ದೀಪದ ಭಾಗವನ್ನು ಬಿಟ್ಟು. ಪೂರ್ತಿ ಮುಚ್ಚಿದರೆ ಗಾಳಿ ನಿಂತು ಹಿಂದೆ ಹೇಳಿದ ರೋಗಗಳಿಗೆ ಆಹ್ವಾನ.

ಫ್ಲಾರಿಡಾದ ಬೇಸಿಗೆಯಂಥ ಕಡೆ ಕಷ್ಟ ತಿರುಗುಮುರುಗು. ಹೊರಗಿನ ಗಾಳಿಯೇ ತೇವದಿಂದ ಭಾರ. ಅಲ್ಲಿ ನೀರಿನ ಬಟ್ಟಲನ್ನು ಚಿಕ್ಕದು ಮಾಡಿ ತಂಪಿನ ತುದಿಗೆ ಸರಿಸುತ್ತಾರೆ, ಮುಚ್ಚಳದ ಹೊದಿಕೆ ತೆಗೆಯುತ್ತಾರೆ, ಒದ್ದೆ ಹಾಸನ್ನು ಎಸೆದು ಒಣ ಹಾಸು ಹಾಕುತ್ತಾರೆ, ಕೋಣೆಯಲ್ಲಿ ಫ್ಯಾನ್ ಓಡಿಸುತ್ತಾರೆ. ಬಟ್ಟಲನ್ನೇ ತೆಗೆದುಬಿಡುವುದು ಮಾತ್ರ ಕೂಡದು. ಗಾಳಿಯಲ್ಲಿ ಎಷ್ಟೇ ತೇವವಿದ್ದರೂ ಹಾವಿಗೆ ಕುಡಿಯುವ ನೀರು ಬೇಕೇ ಬೇಕು. ಉಷ್ಣತೆಯನ್ನು ಏರಿಸಿ ಅಂಕಿ ಇಳಿಸುವವರೂ ಇದ್ದಾರೆ. ಮೇಲಿನ ಲೆಕ್ಕದಂತೆ ಅಂಕಿ ಇಳಿಯುವುದು ನಿಜ, ಹಾಸಿನ ನೀರು ಮಾತ್ರ ಅಲ್ಲೇ ಇರುತ್ತದೆ!

ಪೊರೆ ಸಿಕ್ಕಿಕೊಂಡೇ ಬಿಟ್ಟಿದ್ದರೆ? ಒಣಗಿದ ಪೊರೆಯನ್ನು ಎಳೆಯಬಾರದು. ಗಾಳಿ ತೂತುಗಳಿರುವ ಡಬ್ಬಿಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಟವಲಿನ ಜೊತೆ ಅರ್ಧ ಗಂಟೆ ಬಿಟ್ಟರೆ, ಹಾವು ಮಡಿಕೆಗಳ ನಡುವೆ ನುಸುಳುತ್ತ ಬಹುಪಾಲು ತಾನೇ ಕಳಚಿಕೊಳ್ಳುತ್ತದೆ. ಕಣ್ಣಿನ ಬಟ್ಟಲು ಉಳಿದರೆ ಮುಂದಿನ ಪೊರೆಯವರೆಗೆ ಕಾಯಬೇಕು, ಇಲ್ಲವೆ ವೈದ್ಯರ ಬಳಿಗೆ ಹೋಗಬೇಕು.

ಈ ಅಂಕಿಗಳೆಲ್ಲ ಬಾಲ್ ಪೈಥಾನಿನವು. ಅಮೆಜಾನ್ ಕಾಡಿನ ಕಾಮನಬಿಲ್ಲಿನ ಬೋವಾ ಇದಕ್ಕಿಂತ ಹೆಚ್ಚು ತೇವ ಬೇಡುತ್ತದೆ; ಆಫ್ರಿಕದ ಮರಳು ಬೋವಾಗಳಿಗೆ ಇಷ್ಟು ತೇವವೇ ಕಾಯಿಲೆ ತರುತ್ತದೆ.

ತಂದೆತಾಯಿಯರಿಗೆ ಎರಡು ಮಾತು

ಇದನ್ನು ಓದಿದ ಮಕ್ಕಳು “ನಮಗೂ ಒಂದು ಹಾವು ಬೇಕು” ಎಂದರೆ ಉತ್ತರ ಸಿದ್ಧವಿರಲಿ. ನಮ್ಮ ನಾಡಿನ ಹಾವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಹೆಬ್ಬಾವು ಅದರ ಮೊದಲನೆಯ ಪರಿಶಿಷ್ಟದಲ್ಲಿದೆ. ಎರಡು ತಲೆಯ ಹಾವೆಂದು ಮೂಢನಂಬಿಕೆಯಿಂದ ಮಾರಲು ಹೋಗಿ ಜೈಲು ಸೇರುವ ಮಣ್ಣುಮುಕ್ಕ ಹಾವಿನ ಪ್ರಕರಣಗಳು ಕರ್ನಾಟಕದ ಪತ್ರಿಕೆಗಳಿಗೆ ಹೊಸವಲ್ಲ. ಬಾಲ್ ಪೈಥಾನ್ ವಿದೇಶಿಯಾದರೂ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ವರದಿ ಮಾಡಿ ನೋಂದಣಿ ಮಾಡಿಸಬೇಕು; ಅದರ ನಿಯಮಗಳು 2024ರಲ್ಲಿ ಪ್ರಕಟವಾದವು. ಕಾಗದಪತ್ರವಿಲ್ಲದೆ ಮಾರುವವರ ಸರಕು ಹೇಗೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು: 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡಾಗಳು ಸಿಕ್ಕಿದವು. ಜೌಗು ಪ್ರದೇಶದ ಹಾವುಗಳು ಸೂಟ್‌ಕೇಸಿನಲ್ಲಿ!

ಹಾವಿಲ್ಲದೆಯೇ ಮಾಡಬಹುದಾದ ಪ್ರಯೋಗ

ಕೂದಲು ತೇವಕ್ಕೆ ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಇದನ್ನೇ ಬಳಸಿ ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಕಟ್ಟಿದ ಕೂದಲಿನ ಆರ್ದ್ರತಾಮಾಪಕದ ವಿವರ 1783ರಲ್ಲಿ ಅಚ್ಚಾಯಿತು. ಈಗ ಕೆಲವೇ ನೂರು ರೂಪಾಯಿಗೆ ವಿದ್ಯುನ್ಮಾನ ಮಾಪಕ ಸಿಗುತ್ತದೆ. ಆದರೆ ಅದು ನಿಜ ಹೇಳುತ್ತಿದೆಯೇ? ಸಾಕಣೆಗಾರರು ಇದನ್ನು ಅಡುಗೆಮನೆಯ ಉಪ್ಪಿನಿಂದ ಪರೀಕ್ಷಿಸುತ್ತಾರೆ, ವಿದ್ಯಾರ್ಥಿಗಳೂ ಮಾಡಬಹುದು. ಬಾಟಲಿಯ ಮುಚ್ಚಳದ ತುಂಬ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಈ ಮುಚ್ಚಳವನ್ನೂ ಮಾಪಕವನ್ನೂ, ಒಂದಕ್ಕೊಂದು ತಾಗದಂತೆ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಬಿಸಿಲು ಬೀಳದ ಕಡೆ ಒಂದು ದಿನ ಬಿಡಿ. ನೀರಿನಲ್ಲಿ ಇನ್ನು ಕರಗಲಾರದಷ್ಟು ಉಪ್ಪು ಇದ್ದಾಗ ಅದರ ಮೇಲಿನ ಮುಚ್ಚಿದ ಗಾಳಿಯ ಆರ್ದ್ರತೆ ಶೇಕಡಾ 75ರಲ್ಲಿ ನಿಲ್ಲುತ್ತದೆ. ಡಬ್ಬಿ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿರಲಿ, ಮಂಗಳೂರಿನ ಜುಲೈ ಮಳೆಯಲ್ಲಿರಲಿ. ಮಾರನೆಯ ದಿನ ಮುಚ್ಚಳ ತೆಗೆಯದೆ ಹೊರಗಿನಿಂದಲೇ ಓದಿ. ಮಾಪಕ 71 ತೋರಿಸಿದರೆ ಅದು 4 ಕಡಿಮೆ ಹೇಳುತ್ತಿದೆ. ಆ ಮಟ್ಟದ ಆಸುಪಾಸಿನ ಮುಂದಿನ ಅಳತೆಗಳಿಗೆ 4 ಕೂಡಿಸಿಕೊಂಡರಾಯಿತು.